ಬಾಣದ ಸುತ್ತಲಿನ ಬೆಳಕು

ಅಂಬಣ್ಣನ ಮಗಳು ಯಶೋಧರಾ ಕಮಲಾಪುರದ ಶಾಲೆಗೆ ಮೊದಲ ಸಲ ಬಂದದ್ದು ಜೂನ್ ತಿಂಗಳ ಒಂದು ಮುಂಜಾನೆ. ಎರಡು ಜಡೆ, ಅಣ್ಣ ಬಳಸಿಬಿಟ್ಟ ಪಾಟಿ, ಬಿಗಿಹಿಡಿದ ತುಟಿ. ಪುಸ್ತಕ ತೆರೆದರೆ ಅವಳ ಕಣ್ಣು ಅಕ್ಷರದಿಂದ ಚಿತ್ರಕ್ಕೆ, ಚಿತ್ರದಿಂದ ಇನ್ನಾವುದೋ ಸಾಲಿಗೆ ಹಾರುತ್ತಿತ್ತು. ಅದನ್ನು ಕಂಡ ಮಾಸ್ತರರು ಹಳೆಯ ಲಗ್ನಪತ್ರಿಕೆಯೊಂದರ ನಡುವೆ ಬ್ಲೇಡಿನಿಂದ ಸಣ್ಣ ಕಿಂಡಿ ಕೊರೆದು ಅವಳ ಕೈಗಿತ್ತರು. ಪುಟದ ಮೇಲೆ ಅದನ್ನು ಸರಿಸುತ್ತ ಹೋದರೆ ಒಂದು ಕಾಲಕ್ಕೆ ಒಂದೇ ಶಬ್ದ ಕಾಣುತ್ತಿತ್ತು. ದೀಪಾವಳಿಯ ಹೊತ್ತಿಗೆ ಹುಡುಗಿ ತಡವರಿಸದೆ ಓದತೊಡಗಿದಳು. ಲಗ್ನಪತ್ರಿಕೆಯನ್ನು ಮಾತ್ರ ಹಿಂದಿರುಗಿಸಲಿಲ್ಲ.

ಅದೇ ಯಶೋಧರೆಗೆ ಈಗ ಇಪ್ಪತ್ತಾರು. ಕಲಬುರಗಿಯ ಗಾಜಿಪುರದಲ್ಲಿ ಒಂದು ಕೋಣೆ ಹಿಡಿದು, ಜಗತ್ ಸರ್ಕಲ್ಲಿನ ಹತ್ತಿರ ಸುನಂದಾ ಮೇಡಮ್ಮನವರ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದಾಳೆ. ಅರ್ಜಿ ತುಂಬುವುದು ಹೇಗೆಂದು ಕಂಪ್ಯೂಟರಿನ ಪರದೆಯನ್ನೇ ರೆಕಾರ್ಡ್ ಮಾಡಿ, ಅದಕ್ಕೆ ತನ್ನ ಮಾತು ಸೇರಿಸಿ, ಹಳ್ಳಿಯ ಹುಡುಗಿಯರ ಮೊಬೈಲಿಗೆ ಕಳಿಸುವುದು ಅವಳ ಕೆಲಸದಲ್ಲಿ ಒಂದು.

ಕಳೆದ ವರ್ಷ ನರ್ಸಿಂಗ್ ತರಬೇತಿಗೆ ಅರ್ಜಿ ಕರೆದಾಗ ಅವಳ ವಿಡಿಯೊ ನೋಡಿ ಕಮಲಾಪುರದ ಹನ್ನೊಂದು ಹುಡುಗಿಯರು ತಾವೇ ಅರ್ಜಿ ತುಂಬಿದರು. ಯಶೋಧರೆಗೆ ಹಿಗ್ಗು. ಆ ಹಿಗ್ಗು ಒಂದು ವಾರ ಬಾಳಿತು. ಸೋಮವಾರ ಸಂಜೆ ಅವರಲ್ಲೊಬ್ಬಳಾದ ಮುಬಶ್ಶಿರಾ ಫೋನ್ ಮಾಡಿ, ಹನ್ನೊಂದು ಅರ್ಜಿಗಳೂ ಅಪೂರ್ಣವೆಂದು ಮೆಸೇಜ್ ಬಂದಿದೆಯೆಂದಳು. ಯಾರೊಬ್ಬರ ಅಂಕಪಟ್ಟಿಯೂ ಅರ್ಜಿಗೆ ಸೇರಿರಲಿಲ್ಲ.

ಯಶೋಧರಾ ತನ್ನ ವಿಡಿಯೊವನ್ನು ತನ್ನದೇ ಮೊಬೈಲಿನಲ್ಲಿ ತೆರೆದು ನೋಡಿದಳು. ಸೆಂಟರಿನ ದೊಡ್ಡ ಪರದೆಯಲ್ಲಿ ಸ್ವಚ್ಛವಾಗಿ ಕಂಡಿದ್ದ ಪುಟ ಇಲ್ಲಿ ಅಂಗೈಯಷ್ಟಾಗಿತ್ತು. ಸೇವ್, ಸಬ್ಮಿಟ್ ಎಂಬ ಎರಡು ಹಸಿರು ಗುಂಡಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವಳ ದನಿ "ಇಲ್ಲಿ ಒತ್ತಿರಿ, ಆಮೇಲೆ ಇಲ್ಲಿ" ಎನ್ನುತ್ತಿತ್ತು. ಮೌಸಿನ ಬಾಣ ಎಲ್ಲಿದೆ ಎಂಬುದೇ ತಿಳಿಯುತ್ತಿರಲಿಲ್ಲ. ಸೇವ್ ಒತ್ತಿ ಅಂಕಪಟ್ಟಿ ಸೇರಿಸಬೇಕಾದಲ್ಲಿ ಹುಡುಗಿಯರು ನೇರವಾಗಿ ಸಬ್ಮಿಟ್ ಒತ್ತಿದ್ದರು.

"ಬಾಣ ಇರಿವಿ ಹಂಗ ಓಡ್ತದ ಅಕ್ಕಾ," ಎಂದಳು ಮುಬಶ್ಶಿರಾ ಫೋನಿನಲ್ಲಿ. "ನಿಮ್ಮ ದನಿ ಕೇಳಿ ಒತ್ತೀವ್ರಿ. ಕಣ್ಣಿಗಿ ಏನೂ ಕಾಣ್ಲಿಲ್ಲ."

ತಿದ್ದಲು ಮರುದಿನ ಸಂಜೆ ನಾಲ್ಕರವರೆಗೆ ಅವಕಾಶವಿತ್ತು. ಒಬ್ಬೊಬ್ಬರಿಗೂ ಒಂದೇ ಸಲ. ಮತ್ತೆ ತಪ್ಪಿದರೆ ಒಂದು ವರ್ಷ ಹೋದ ಹಾಗೆ. ಆ ಮನೆಗಳಲ್ಲಿ ಒಂದು ವರ್ಷ ಹೋಯಿತೆಂದರೆ ಮದುವೆಯ ಮಾತು ಬರುತ್ತದೆಂಬುದು ಯಶೋಧರೆಗೆ ಗೊತ್ತಿತ್ತು. ಬಸ್ಸು ಹಿಡಿದು ಊರಿಗೇ ಹೋಗೋಣವೆಂದರೆ ಹನ್ನೊಂದು ಮಂದಿ ಹನ್ನೊಂದು ಕಡೆ: ಒಬ್ಬಳು ಶರಣಸಿರಸಗಿಯ ಅಕ್ಕನ ಮನೆಯಲ್ಲಿ, ಇಬ್ಬರು ಹೊಲಿಗೆಯ ಕೆಲಸದಲ್ಲಿ, ಕೆಲವರು ಹೊಲದಲ್ಲಿ. ಫೋನಿನಲ್ಲೇ ಒಬ್ಬೊಬ್ಬರದನ್ನೂ ತಿದ್ದಿಸೋಣವೆಂದರೆ ಎಲ್ಲರೂ ಬೇಕಾದ ಹೊತ್ತಿಗೆ ಸಿಗುವವರಲ್ಲ. ಹೊಸ ವಿಡಿಯೊ ಒಂದೇ ಎಲ್ಲರನ್ನೂ ಮುಟ್ಟಬಲ್ಲುದಾಗಿತ್ತು.

ಮಂಗಳವಾರ ಮುಂಜಾನೆ ಸುನಂದಾ ಮೇಡಂ ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು.

"ನೀ ತೋರಿಸಿದಿ, ಅವ್ರು ನೋಡ್ಲಿಲ್ಲ. ನಿಂದೇನ್ ತಪ್ಪದ ಇದ್ರಾಗ?"

"ತೋರಿಸಿದ್ದು ಕಾಣ್ಲಿಲ್ಲಂದ್ರ ತೋರಿಸಿದಂಗ ಆಯ್ತೇನ್ರಿ ಮೇಡಂ?"

ಮೇಡಂ ಮತ್ತೆ ಕನ್ನಡಕ ಹಾಕಿಕೊಂಡರು. ಒಳಗಿನ ಕಂಪ್ಯೂಟರನ್ನು ಮಧ್ಯಾಹ್ನದವರೆಗೆ ಅವಳಿಗೇ ಬಿಟ್ಟುಕೊಟ್ಟರು.

ತಿದ್ದುಪಡಿಯ ಪುಟ ತೆರೆಯಬೇಕಾದರೆ ನಿಜವಾದ ಅರ್ಜಿಯೇ ಬೇಕಿತ್ತು, ಅದರ ಒಡತಿಯ ಮೊಬೈಲಿಗೆ ಬರುವ ಓಟಿಪಿಯೂ ಬೇಕಿತ್ತು. ಓಟಿಪಿ ದಿನಕ್ಕೆ ಎರಡೇ ಸಲ. ಯಾರದೋ ಅರ್ಜಿಯನ್ನು ಪಣಕ್ಕಿಡುವುದು ಹೇಗೆಂದು ಯಶೋಧರಾ ಹಿಂಜರಿಯುತ್ತಿರುವಾಗ ಮುಬಶ್ಶಿರಾಳೇ ತನ್ನ ಅರ್ಜಿಯ ನಂಬರು ಕೊಟ್ಟು, ಅಂಕಪಟ್ಟಿಯ ಫೋಟೊ ಕಳಿಸಿದಳು. ಕೆಟ್ಟರೆ ತನ್ನದೊಂದೇ ಕೆಡಲಿ, ಉಳಿದ ಹತ್ತು ಉಳಿದಾವು ಎಂದಳು. ಯಶೋಧರಾ ನಂಬರನ್ನು ಚೀಟಿಯಲ್ಲಿ ಬರೆದುಕೊಂಡಳು.

ಮೊದಲು ಹಳೆಯ ವಿಡಿಯೊದಲ್ಲೇ ಗುಂಡಿಗಳ ಸುತ್ತ ಕೆಂಪು ಗೆರೆ ಎಳೆದು ನೋಡಿದಳು. ಒಂಬತ್ತು ಗೆರೆಗಳಾದ ಮೇಲೆ ಪುಟ ಮತ್ತಷ್ಟು ಗೋಜಲಾಯಿತು. ಆಗ ಅವಳಿಗೆ ಲಗ್ನಪತ್ರಿಕೆಯ ಕಿಂಡಿ ನೆನಪಾಯಿತು. ಆ ಕಿಂಡಿ ಶಬ್ದವನ್ನು ತೋರಿಸುತ್ತಿದ್ದುದು ಉಳಿದದ್ದನ್ನೆಲ್ಲ ಮುಚ್ಚಿ. ರೆಕಾರ್ಡ್ ಮಾಡುವ ಸಾಫ್ಟ್‌ವೇರಿನಲ್ಲಿ ಸ್ಪಾಟ್‌ಲೈಟ್ ಎಂಬುದೊಂದು ಇತ್ತು. ಅದನ್ನು ಅವಳು ಆಟದ ಸಾಮಾನೆಂದು ಎಂದೂ ಮುಟ್ಟಿರಲಿಲ್ಲ. ಒತ್ತಿದಳು. ಪರದೆಯೆಲ್ಲ ಕಪ್ಪಾಗಿ, ಬಾಣದ ಸುತ್ತ ಮಾತ್ರ ಬಿಲ್ಲೆಯಷ್ಟು ಬೆಳಕು ಉಳಿಯಿತು. ಬಾಣ ಹೋದಲ್ಲಿ ಬೆಳಕೂ ಹೋಯಿತು.

ಮೊದಲ ಓಟಿಪಿ ಪಡೆದು ರೆಕಾರ್ಡ್ ಮಾಡಿ, ಸಬ್ಮಿಟ್ ಒತ್ತದೆ ನಿಲ್ಲಿಸಿ, ಮುಬಶ್ಶಿರಾಳೊಬ್ಬಳಿಗೇ ಕಳಿಸಿದಳು. ಗಂಟೆ ಹನ್ನೆರಡೂವರೆ.

"ಅಕ್ಕಾ, ಮೊಬೈಲ್ ಕೆಟ್ಟದೇನೋ ಅನ್ಕೊಂಡೀನಿ," ಎಂದಳು ಅವಳು. "ಎಲ್ಲಾ ಕತ್ತಲ. ಗುಂಡಿ ಕಾಣ್ತದ, ಖರೆ. ಅದು ಪುಟದಾಗ ಮ್ಯಾಲದನೋ ಕೆಳಗದನೋ ತಿಳೀವಲ್ದು. ಬೆಳಕೂ ನೊಣದಂಗ ಹಾರ್ತದ."

ಯಶೋಧರಾ ಆ ವಿಡಿಯೊವನ್ನು ತನ್ನ ಮೊಬೈಲಿನಲ್ಲೂ ನೋಡಿದಳು. ಮಾತನಾಡುವಾಗಲೆಲ್ಲ ಮೌಸನ್ನು ಅಲ್ಲಾಡಿಸುವುದು ಅವಳ ಅಭ್ಯಾಸ. ಬೆಳಕು ಆ ಅಭ್ಯಾಸವನ್ನು ಎಲ್ಲರಿಗೂ ತೋರಿಸಿಬಿಟ್ಟಿತ್ತು. ಪುಟ ಪೂರ್ತಿ ಮುಚ್ಚಿದರೆ ದಾರಿಯೂ ಮುಚ್ಚಿಹೋಗುತ್ತದೆ. ಲಗ್ನಪತ್ರಿಕೆ ಸರಿಸುವಾಗ ಪುಸ್ತಕದ ಅಂಚು ಕಾಣುತ್ತಿತ್ತಲ್ಲ!

ಸುತ್ತಲಿನ ಕಪ್ಪನ್ನು ಮುಸ್ಸಂಜೆಯಷ್ಟಕ್ಕೆ ಇಳಿಸಿದಳು. ಎರಡೂ ಗುಂಡಿಗಳು ಒಟ್ಟಿಗೇ ಬೆಳಗದಂತೆ ಬಿಲ್ಲೆಯನ್ನು ಕಿರಿದು ಮಾಡಿದಳು. "ಇಲ್ಲಿ" ಎಂಬ ಮಾತನ್ನು ಬಿಟ್ಟು ಪ್ರತಿಯೊಂದನ್ನೂ ಹೆಸರಿಟ್ಟು ಕರೆಯಬೇಕೆಂದು ಚೀಟಿಯಲ್ಲಿ ಬರೆದುಕೊಂಡಳು. ಎರಡನೆಯ ಓಟಿಪಿ ಬಂತು. ಅದು ಕೊನೆಯದು.

ಬಾಣವನ್ನು ಅಂಕಪಟ್ಟಿಯ ಸಾಲಿಗೆ ಒಯ್ದು ಮೌಸಿನಿಂದ ಕೈ ತೆಗೆದಳು. ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮಾತನಾಡಿದಳು. ಬೆಳಕು ಅಲುಗಾಡಲಿಲ್ಲ. ಸೇವ್ ಒತ್ತಿ, ಮೂರು ಎಣಿಸುವಷ್ಟು ತಡೆದಳು. ಅಂಕಪಟ್ಟಿ ಏರುವಾಗ ಇಂಟರ್ನೆಟ್ ನಿಂತಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಅವಳು ಮೌಸನ್ನು ಮುಟ್ಟಲಿಲ್ಲ. ಸುನಂದಾ ಮೇಡಂ ಬಾಗಿಲಿಗೆ ಬಂದು ನಿಂತರು. ಚಕ್ರ ನಿಂತು ಹಸಿರು ಗುರುತು ಬಂತು. ಆಗ ಬಾಣವನ್ನು ನಿಧಾನವಾಗಿ ಪಕ್ಕದ ಗುಂಡಿಗೆ ಒಯ್ದು, ಅದರ ಹೆಸರು ಹೇಳಿ, ಒತ್ತಿದಳು. ಮುಬಶ್ಶಿರಾಳ ಅರ್ಜಿ ಪೂರ್ಣವಾಯಿತು.

ಒಂದೂವರೆಗೆ ವಿಡಿಯೊ ಉಳಿದ ಹತ್ತು ಮೊಬೈಲುಗಳಿಗೆ ಹೋಯಿತು. ಎರಡಕ್ಕೆ ಮೊದಲ ಉತ್ತರ ಬಂತು. ಮೂರಕ್ಕೆ ಏಳು. ಮೂರೂವರೆಗೆ ಒಂಬತ್ತು. ಶರಣಸಿರಸಗಿಯಲ್ಲಿ ಅಕ್ಕನ ಮನೆಯಲ್ಲಿದ್ದ ಮಲ್ಲಿಕಾ ಮಾತ್ರ ಫೋನ್ ಎತ್ತಲಿಲ್ಲ. ಯಶೋಧರಾ ಮತ್ತೆ ಮತ್ತೆ ಮಾಡಿದಳು. ನಾಲ್ಕಕ್ಕೆ ಏಳು ನಿಮಿಷವಿರುವಾಗ ಮಲ್ಲಿಕಾಳೇ ಕರೆದಳು.

"ನೀವು ಫೋನ್ ಮಾಡಿದಾಗೊಮ್ಮೆ ವಿಡಿಯೊ ನಿಂದರ್ತಿತ್ರಿ ಅಕ್ಕಾ. ಸುಮ್ಮ ಇದ್ದಿದ್ರ ಆಗಲೇ ಮುಗೀತಿತ್ತು. ಈಗ ಆಯ್ತು ನೋಡ್ರಿ."

ಸುನಂದಾ ಮೇಡಂ ನಕ್ಕರು. ಯಶೋಧರೆಗೆ ನಗು ಬರಲು ತುಸು ಹೊತ್ತು ಹಿಡಿಯಿತು.

ಹನ್ನೊಂದರಲ್ಲಿ ಆರು ಮಂದಿಗೆ ಸೀಟು ಸಿಕ್ಕಿತು. ಉಳಿದವರಿಗೆ ಅಂಕ ಸಾಲಲಿಲ್ಲ, ಅರ್ಜಿಯ ತಪ್ಪಿನಿಂದ ಯಾರೂ ಹೊರಗುಳಿಯಲಿಲ್ಲ.

ಯಶೋಧರಾ ಈಗಲೂ ಅದೇ ಸೆಂಟರಿನಲ್ಲಿದ್ದಾಳೆ. ಹೊಸ ವಿಡಿಯೊ ಆದಾಗಲೆಲ್ಲ ರವಿವಾರ ಬಸ್ಸು ಹಿಡಿದು ಕಮಲಾಪುರಕ್ಕೆ ಬರುತ್ತಾಳೆ. ಅವಳ ತಾಯಿ ಗುಂಡಮ್ಮನಿಗೆ ಓದು ಬರದು. ಕಟ್ಟೆಯ ಮೇಲೆ ಕುಳಿತ ತಾಯಿಯ ಕೈಗೆ ಮೊಬೈಲು ಕೊಟ್ಟು, ದನಿ ಕೇಳದಂತೆ ಮಾಡಿ, ವಿಡಿಯೊ ಹಚ್ಚುತ್ತಾಳೆ. ನಡುನಡುವೆ ನಿಲ್ಲಿಸಿ, ಯಾವುದನ್ನು ಒತ್ತಬೇಕವ್ವಾ ಎಂದು ಕೇಳುತ್ತಾಳೆ. ಗುಂಡಮ್ಮ ಸೆರಗಿನಿಂದ ಬೆರಳು ಒರೆಸಿಕೊಂಡು ಬೆಳಕಿನ ಬಿಲ್ಲೆಯ ಮೇಲೆ ಇಡುತ್ತಾಳೆ. ಬೆರಳು ತಡವರಿಸಿದ ಕಡೆಯನ್ನು ಯಶೋಧರಾ ಚೀಟಿಯಲ್ಲಿ ಗುರುತು ಹಾಕಿಕೊಂಡು, ಸೋಮವಾರ ಅಷ್ಟನ್ನು ಮತ್ತೆ ರೆಕಾರ್ಡ್ ಮಾಡುತ್ತಾಳೆ.