ಕೆಡದ ತಂತಿಯ ಬೆನ್ನು ಹತ್ತಿದ ಗುಡದಪ್ಪ

ಎಂಬತ್ನಾಲ್ಕನೆಯ ಇಸವಿಯ ಹತ್ತಿ ಸುಗ್ಗಿಯಲ್ಲಿ ಮಿಶ್ರಿಕೋಟಿಯ ಫೋನು ಮತ್ತೆ ಮತ್ತೆ ಸಾಯತೊಡಗಿತು. ಇಡೀ ಊರಿಗೆ ಇದ್ದದ್ದು ಅದೊಂದೇ. ಅಂಚೆ ಕಚೇರಿಯಲ್ಲಿ ಕಸ್ತೂರೆವ್ವ ಅದರ ಹಿಡಿಕೆ ತಿರುವಿದರೆ, ಹೊಲಗಳ ಮೇಲೆ ಕಂಬದಿಂದ ಕಂಬಕ್ಕೆ ಹಾಯ್ದ ತಂತಿಯ ಆ ತುದಿಯಲ್ಲಿ, ಪೇಟೆಯ ಎಕ್ಸ್‌ಚೇಂಜಿನಲ್ಲಿ, ಆಪರೇಟರ್ ಕುಬೇರಪ್ಪ ಎತ್ತಿ ಕೇಳಿದ ಕಡೆಗೆ ಜೋಡಿಸಿ ಕೊಡಬೇಕು. ಹರಾಜಿನ ದಿನ ರೈತರು ದಲಾಲಿ ಅಂಗಡಿಯಿಂದ ಹತ್ತಿಯ ದರ ಕೇಳಿಕೊಂಡೇ ಚಕ್ಕಡಿ ಹೂಡುತ್ತಿದ್ದರು. ಫೋನು ಸತ್ತ ದಿನ ಮಾತ್ರ, ತಕ್ಕಡಿ ಹಿಡಿದು ಮನೆ ಬಾಗಿಲಿಗೆ ಬಂದ ಖರೀದಿಯವನು ಹೇಳಿದ್ದೇ ದರ.

ಆ ತಂತಿಯನ್ನು ಕಾಯುವವನು ಗುಡದಪ್ಪ. ವರ್ಷಗಟ್ಟಲೆ ದಿನಗೂಲಿಯ ಮೇಲೆ ಕಂಬ ಹತ್ತಿದವನು. ಆ ವರ್ಷ ಅವನನ್ನು ಕಾಯಂ ಮಾಡುವ ಮಾತು ನಡೆದಿತ್ತು. ಆದರೆ ಫೋನು ಇಲಾಖೆಯ ಇನ್‌ಸ್ಪೆಕ್ಟರ್ ಸಾಹೇಬರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: “ಇನ್ನೊಮ್ಮೆ ಲೈನ್ ಕೆಟ್ಟರ ಕಾಯಂ ಇರಲಿ, ಕೂಲಿನೂ ಇಲ್ಲ ನೋಡು.”

ಲೈನ್ ಕೆಟ್ಟಾಗ ಎರಡೂ ತುದಿಯ ಮೊದಲ ಕಂಬ ಹತ್ತಿ, ಚೀಲದೊಳಗಿನ ಸಣ್ಣ ಫೋನನ್ನು ತಂತಿಗೆ ಕಚ್ಚಿಸಿ, ಯಾವ ಕಡೆ ಜೀವವಿದೆ ಎಂದು ನೋಡಬೇಕು. ಅದು ಪದ್ಧತಿ. ಗುಡದಪ್ಪ ತನ್ನೂರಿನ ತುದಿಯನ್ನಷ್ಟೇ ನೋಡುತ್ತಿದ್ದ. ಪೇಟೆಯ ತುದಿಯನ್ನು ಕುಬೇರಪ್ಪನ ಮಾತಿಗೆ ಬಿಟ್ಟಿದ್ದ.

“ನನ್ನ ಕಡಿಂದು ಬರೊಬ್ಬರಿ ಐತಿ ದೋಸ್ತಾ. ನೀ ನಡುವ ಹುಡುಕು” ಎಂದು ಕುಬೇರಪ್ಪ ಹೇಳಿದ್ದ. ದೋಸ್ತ ಹೇಳಿದ ಮೇಲೆ ಮುಗಿಯಿತು. ಪೇಟೆಯ ಹೋಟೆಲುಗಳಲ್ಲಿ ಗುಡದಪ್ಪನ ಕೇರಿಯವರಿಗೆ ಬೇರೆ ಲೋಟ ಇಟ್ಟಿದ್ದ ಕಾಲವದು. ಕುಬೇರಪ್ಪನಾದರೋ ತಾನು ಕುಡಿಯುವ ಕಪ್ಪಿನಲ್ಲೇ ಅವನಿಗೆ ಚಹಾ ಹಾಕಿ ಕೊಡುತ್ತಿದ್ದ. ಅಂಥವನ ಮಾತನ್ನು ಕಂಬ ಹತ್ತಿ ಪರೀಕ್ಷಿಸುವುದೇ?

ಹೀಗಾಗಿ ಫೋನು ಸತ್ತಾಗಲೆಲ್ಲ ಅವನು ಊರಿನಿಂದ ಪೇಟೆಯತ್ತ ನಡೆಯುತ್ತಿದ್ದ. ದಾರಿಯಲ್ಲಿ ಏನಾದರೊಂದು ಸಿಕ್ಕೇ ಸಿಗುತ್ತಿತ್ತು: ಒಮ್ಮೆ ಕಾಗೆಯ ಗೂಡು, ಒಮ್ಮೆ ತಂತಿಗೆ ಒರಗಿದ ಜಾಲಿಯ ಟೊಂಗೆ. ಅದನ್ನು ಕಿತ್ತು, ಮುಂದಿನ ಕಂಬಗಳನ್ನೂ ನೋಡುತ್ತ ಪೇಟೆ ಮುಟ್ಟುವ ಹೊತ್ತಿಗೆ ಹರಾಜು ಮುಗಿದಿರುತ್ತಿತ್ತು, ಲೈನಿಗೂ ಜೀವ ಬಂದಿರುತ್ತಿತ್ತು. “ನಿನ್ನ ಕೈಗುಣ ದೊಡ್ಡದಲೇ!” ಎಂದು ಕುಬೇರಪ್ಪ ಬೆನ್ನು ಚಪ್ಪರಿಸುತ್ತಿದ್ದ. ಗುಡದಪ್ಪ ಹಿಗ್ಗುತ್ತಿದ್ದ.

ಒಂದು ಹರಾಜಿನ ದಿನ ಅವನು ಬಮ್ಮಿಗಟ್ಟಿಯ ಮಗಳ ಮನೆಯಿಂದ ಬಸ್ಸು ಹಿಡಿದು ನೇರವಾಗಿ ಪೇಟೆಗೆ ಬಂದಿಳಿದ. ಎಕ್ಸ್‌ಚೇಂಜಿನ ಬಾಗಿಲಲ್ಲೇ ಕುಬೇರಪ್ಪ ಸಿಕ್ಕ.

“ಛಲೋ ಆತು ಬಂದಿ. ಲೈನ್ ಮತ್ತ ಹೋಗೇತಿ. ಹಳ್ಳದ ಬಾಜುಕ ಇರಬೇಕು, ಲಗೂನ ಹೋಗು.”

ಗುಡದಪ್ಪ, ಕಾಯಂ ಹೋಯಿತು ಎಂದುಕೊಂಡ. ಹೊರಟವನು, ಈ ಸಲ ಈ ತುದಿಯಲ್ಲೇ ಇದ್ದೇನಲ್ಲ ಎಂದು, ಹಿತ್ತಿಲಿನ ಮೊದಲ ಕಂಬವನ್ನೇ ಹತ್ತಿ, ಚೀಲದ ಫೋನು ಕಚ್ಚಿಸಿ ಗಂಟೆ ಕೊಟ್ಟ.

“ಯಾರದು?” ಕಸ್ತೂರೆವ್ವನ ದನಿ.

“ನಾ ಬೇ, ಗುಡದಪ್ಪ. ಪೇಟಿ ಕಂಬದ ಮ್ಯಾಲಿಂದ.”

“ಬಾಜುಕ ಕುಂತಂಗ ಕೇಳಸ್ತೈತಲ್ಲೋ! ಹಂಗಾರ ಕೆಟ್ಟಿದ್ದರ ಎಲ್ಲಿ? ಇಲ್ಲಿ ಕುಬೇರಪ್ಪನ ಹೇಣ್ತಿಯ ತಮ್ಮ, ಆ ಖರೀದಿಯಾಂವ, ತಕ್ಕಡಿ ತೂಗಹಾಕ್ಕೊಂಡು ಕುಂತಾನ. ದರ ಕೇಳು ಅಂತ ಮಂದಿ ನನ್ನ ತಲಿ ತಿನ್ನಾಕ್ಹತ್ತೇತಿ.”

ಅದೇ ಗಂಟೆ ಕೆಳಗೆ ಎಕ್ಸ್‌ಚೇಂಜಿನಲ್ಲೂ ಬಾರಿಸಬೇಕಿತ್ತು. ಬಾರಿಸಲಿಲ್ಲ. ಕಿಟಕಿಯೊಳಗೆ ಕುಬೇರಪ್ಪ ನಿಶ್ಚಿಂತೆಯಿಂದ ಅಡಿಕೆ ಕತ್ತರಿಸುತ್ತಿದ್ದ.

ಗುಡದಪ್ಪ ಇಳಿದು ಒಳಗೆ ಹೋದ. ಮಿಶ್ರಿಕೋಟಿಯ ತಂತಿ ಬಂದು ಸೇರುವಲ್ಲಿ ಫ್ಯೂಸೇ ಇರಲಿಲ್ಲ. ಅದು ಕುಬೇರಪ್ಪನ ಅಂಗಿಯ ಕಿಸೆಯಲ್ಲಿ, ಪೆನ್ನಿನ ಪಕ್ಕದಲ್ಲಿತ್ತು.

ಕುಬೇರಪ್ಪ ಅವನ ನೋಟವನ್ನು ಕಂಡು ಕಿಸೆ ಮುಚ್ಚಿಕೊಂಡ. “ಕುಂದ್ರು, ಚಹಾ ತರಸ್ತೀನಿ. ಹೇಣ್ತಿ ತವರಿನ ಕಾಟ, ನಿನಗ ತಿಳಿಯೂದಿಲ್ಲೇನು? ಬಾಯಿ ಬಿಡಬ್ಯಾಡ. ನಿನ್ನ ಕಾಯಂದು ಸಾಹೇಬರಿಗೆ ನಾನ ಹೇಳತೀನಿ.”

“ಅಷ್ಟ ಸರತಿ ಬಿಸಲಾಗ ನಡಸಿದಿ” ಎಂದ ಗುಡದಪ್ಪ. ದನಿ ಏರಲಿಲ್ಲ. “ಒಂದ ಸರತಿ ‘ನೆಳ್ಳಾಗ ಸುಮ್ನ ಕುಂದ್ರು ದೋಸ್ತಾ’ ಅನ್ನಬಾರದಾಗಿತ್ತೇನು?”

“ಹುಚ್ಚ, ನೀ ಕಂಬ ಕಂಬ ನೋಡ್ಕೋತ ನಡದರನ ಮಂದಿ ಲೈನ್ ಖರೇನ ಕೆಟ್ಟೈತಿ ಅಂತ ನಂಬೂದು.”

ಗುಡದಪ್ಪ ಹರಾಜು ನಡೆಯುವ ಅಡತಿ ಬಜಾರಕ್ಕೆ ಹೋಗಿ ಅಂದಿನ ದರವನ್ನು ಕಿವಿಯಾರೆ ಕೇಳಿ ಬಂದು, ಮತ್ತೆ ಅದೇ ಕಂಬ ಹತ್ತಿದ.

“ಕಸ್ತೂರೆವ್ವಾ, ಯಾರೂ ಹತ್ತಿ ತೂಗಬ್ಯಾಡ್ರಿ ಅನ್ನು” ಎಂದು ದರ ಹೇಳಿದ. “ಲೈನ್ ಕೆಟ್ಟಿಲ್ಲ. ಯಾವಾಗೂ ಕೆಟ್ಟಿದ್ದಿಲ್ಲ.”

“ಹಂಗಾರ ಯಾರ ಕೆಲಸೋ ಇದು?”

ಆಕೆ ಎರಡು ಸಲ ಹಲೋ ಹಲೋ ಎಂದಳು. ಕೊನೆಗೆ ಅವನು ದೋಸ್ತನ ಹೆಸರು ಹೇಳಿದ.

ವಿಚಾರಣೆಯಲ್ಲಿ ಕುಬೇರಪ್ಪ ಎಲ್ಲವನ್ನೂ ಅಲ್ಲಗಳೆದ. ಲೈನ್ ಕೆಟ್ಟಾಗಲೆಲ್ಲ “ಗುಡದಪ್ಪ ಗಿಡದ ಬುಡಕ ಮಲಗತಾನ್ರಿ” ಎಂದು ಸಾಹೇಬರ ಕಿವಿ ತುಂಬಿದವನೂ ಅವನೇ ಎಂಬುದು ಆಗಲೇ ಹೊರಬಿದ್ದಿತು. ಆದರೆ ಕಸ್ತೂರೆವ್ವ ಕಂಬದ ಮೇಲಿನ ಮಾತನ್ನು ಇದ್ದದ್ದು ಇದ್ದಂತೆ ಸಾಹೇಬರ ಮುಂದೆ ಒಪ್ಪಿಸಿದಳು. ಕುಬೇರಪ್ಪನಿಗೆ ದೂರದ ಊರಿಗೆ ವರ್ಗವಾಯಿತು. ಮುಂದಿನ ಸುಗ್ಗಿಯ ಹೊತ್ತಿಗೆ ಗುಡದಪ್ಪನ ಕಾಯಂ ಹುಕುಂ ಬಂತು.

ಹೆಂಡತಿ ಮರೆವ್ವ ಓಣಿಯ ತುಂಬ ಸಕ್ಕರೆ ಹಂಚಿದಳು. ಗುಡದಪ್ಪ ಮಾತ್ರ ಆ ಸುದ್ದಿ ಹೇಳಲು ಎಲ್ಲಿಗೂ ಹೋಗಲಿಲ್ಲ. ಓಡಿ ಹೋಗಿ ಹೇಳಬೇಕೆಂದು ಅಷ್ಟು ವರ್ಷ ಅವನು ಅಂದುಕೊಂಡಿದ್ದದ್ದು ಒಬ್ಬನಿಗೇ.