ಟೈಲರ್ ಗೆದ್ದ ಆಟ

ಬೆಳಿಗ್ಗೆ ಅಂಗಿಯ ಗುಂಡಿ ಕಿತ್ತುಬಂತು. ಹೊಲಿಗೆ ಡಬ್ಬಿ ಕೆದಕಿದರೆ ಕೈಗೆ ಸಿಕ್ಕಿದ್ದು ಕೋಟಿನ ದಪ್ಪನೆಯ ಕರಿ ಗುಂಡಿ. ಅಂಥ ಕೋಟು ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಲಷ್ಕರ್ ಮೊಹಲ್ಲಾದಲ್ಲಿ ನಾನಿದ್ದ ಬಾಡಿಗೆ ಮನೆಯ ಕೆಳಗೆ ಒಬ್ಬ ಟೈಲರ್ ಇದ್ದರು. ಅವರದೇ ಇದು, ಯಾವತ್ತೋ ನನ್ನ ಜೇಬಿನಲ್ಲಿ ಬಂದುಬಿಟ್ಟಿರಬೇಕು...

‘ಗೋ’ ಎಂಬ ಚೀನೀ ಮಣೆಯಾಟವನ್ನು ನಾನು ಕಲಿತದ್ದು ಮೊಬೈಲಿನಲ್ಲಿ. ಎದುರಿಗೆ ಕೂತು ಆಡುವವರು ಯಾರೂ ಸಿಗದೆ ಆ ಟೈಲರಿಗೇ ಕಲಿಸಿದೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವರೇ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಅವರಿಗೆ ಕರಿ ಗುಂಡಿ, ನನಗೆ ಬಿಳಿ. ಗೆರೆಗಳು ಕೂಡುವಲ್ಲಿ ಒಂದೊಂದಾಗಿ ಇಡುತ್ತಾ ಜಾಗ ಹಿಡಿಯಬೇಕು. ಸುತ್ತಲೂ ಮುತ್ತಿಗೆ ಬಿದ್ದದ್ದು ಸತ್ತಂತೆ, ಮೇಜಿನಿಂದ ಎತ್ತಿಬಿಡಬೇಕು. ಇಷ್ಟೇ ಆಟ. ಆದರೆ ಅವರು ಟೈಲರ್ ನೋಡಿ, ಪ್ರತಿ ಗುಂಡಿಯನ್ನೂ ಹಿಂದಿನದಕ್ಕೆ ಅಂಟಿಸಿಯೇ ಇಡುತ್ತಿದ್ದರು. ಅವರು ಒಂದು ಸಾಲು ಮುಗಿಸುವಷ್ಟರಲ್ಲಿ ಅರ್ಧ ಮೇಜು ನನ್ನದಾಗಿರುತ್ತಿತ್ತು.

“ಹೊಲಿಗೆ ಬುಟ್ಟೋದ್ರೆ ಬಟ್ಟೆ ನಿಲ್ಲಲ್ಲ ಸ್ವಾಮಿ,” ಅನ್ನುತ್ತಿದ್ದರು.

ಆಟ ಮುಗಿದ ಮೇಲೆ ಅದನ್ನು ಮೊದಲಿಂದ ಮತ್ತೆ ಇಟ್ಟು ತಪ್ಪು ತೋರಿಸುವುದು ನನ್ನ ಕೆಲಸ. ನಿಜ ಹೇಳಬೇಕೆಂದರೆ ಆಡುವುದಕ್ಕಿಂತ ನನಗೆ ಅದೇ ಇಷ್ಟ. ಇಲ್ಲಿ ಜಾಗ ಬಿಟ್ಟು ಇಡಿ, ಒಂದು ಹೋದರೆ ಹೋಗಲಿ, ಎಂದು ತಲೆ ಕೊರೆಯುತ್ತಿದ್ದೆ. ಅವರು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ತಲೆಯಾಡಿಸುತ್ತಿದ್ದರು.

ಒಂದು ಸಂಜೆ ಒಂಟಿ ಗುಂಡಿಯೊಂದನ್ನು ನನ್ನ ಬಿಳಿಯ ಗುಂಪಿನೊಳಗೇ ಇಟ್ಟರು. ಪಾಪ, ಎಂದುಕೊಂಡು ತೆಗೆದುಹಾಕಿದೆ. ಮರುನಡೆಗೆ ಅದೇ ಜಾಗದಲ್ಲಿ ಇನ್ನೊಂದು ಇಟ್ಟು ನನ್ನ ಇಡೀ ಗುಂಪನ್ನು ಎತ್ತಿಬಿಟ್ಟರು. ಆಟ ಅವರದಾಯಿತು. ಅವತ್ತು ಅವರ ಮುಖ ನೋಡಬೇಕಿತ್ತು...

ನನಗೆ ಉರಿದುಹೋಯಿತು. ಆಟವನ್ನು ಮೊದಲಿಂದ ಇಟ್ಟೆ. ಇಲ್ಲಿ ನಿಮ್ಮ ತಪ್ಪು, ಇಲ್ಲೂ ತಪ್ಪು, ಇಲ್ಲಿ ನಾನು ಗಮನ ಕೊಡಲಿಲ್ಲ. ಆ ಒಂಟಿ ಗುಂಡಿಗೆ ಬಂದಾಗ, “ಇದು ಲಕ್ಕು ಅಷ್ಟೇ,” ಅಂದೆ. ಲಕ್ಕು ಅಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು.

“ಔದಾ ಸ್ವಾಮಿ? ಆ ಗುಂಡೀನ ನಾನೇ ಬೇಕಂತ ಕೊಟ್ಟೆ ಅನ್ಕೊಂಡಿದ್ದೆ,” ಅಂದರು. ಗುಂಡಿಗಳನ್ನು ಬಾಚಿ ಡಬ್ಬಿಗೆ ಹಾಕಿದರು. ಆಮೇಲೆ ಆಟಕ್ಕೆ ಕರೆದಾಗಲೆಲ್ಲ ಮದುವೆ ಸೀಸನ್ನು, ಯೂನಿಫಾರಂ ಆರ್ಡರು... ನಾನೂ ಬೋಗಾದಿಗೆ ಮನೆ ಬದಲಿಸಿದೆ.

ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿದಿತ್ತು. ತಿಳಿದ ಮೇಲೂ ಹೋಗಿರಲಿಲ್ಲ. ಇವತ್ತು ಹೋದೆ. ಅಂಗಡಿಯಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಅಂಗಡಿಯ ಹಿಂಬದಿಯ ಮನೆಯಲ್ಲಿ ಅವರ ಹೆಂಡತಿ ಕೂರಿಸಿ ಕಾಫಿ ಕೊಟ್ಟರು.

“ಆ ಗುಂಡಿ ಆಟದಲ್ಲಿ ನಮ್ಮನೆಯೋರು ಒಂದ್ಸಲನಾದ್ರೂ ಗೆದ್ದಿದ್ರೇನಪ್ಪ?”

“ಗೆದ್ದಿದ್ರಮ್ಮ. ಚೆನ್ನಾಗಿ ಆಡಿ ಗೆದ್ದಿದ್ರು.”

“ಅಯ್ಯೋ, ನನ್ನತ್ರ ಹೇಳ್ಲೇ ಇಲ್ಲ ನೋಡು! ಒಂದು ಬ್ಲೌಸು ಚೆನ್ನಾಗಿ ಕೂತ್ರೂ ಬಂದು ಹೇಳೋರು ಕಣಪ್ಪ.”

ಯಾಕೆ ಹೇಳಲಿಲ್ಲವೆಂದು ನನಗೆ ಗೊತ್ತಿತ್ತು. ಆ ಗೆಲುವನ್ನು ಲಕ್ಕು ಅಂದದ್ದು ನಾನೇ ಎಂದು ಹೇಳದೆ, ಕಾಫಿ ಮುಗಿಸಿ ಎದ್ದೆ.