ಹತ್ತು ನಿಮಿಷ ಮುಂದಿರುವ ಮನೆ

ನಮ್ಮ ಮನೆ ಗಡಿಯಾರ ಹತ್ತು ನಿಮಿಷ ಮುಂದಿರುತ್ತದೆ. ನನ್ನ ಮೊಬೈಲೂ ಅಷ್ಟೇ. ಕ್ಯಾತ್ಸಂದ್ರದಿಂದ ಕುಣಿಗಲ್ ಕಾಲೇಜಿಗೆ ದಿನಾ ಬಸ್ ಹಿಡಿಯುವ ಕನ್ನಡ ಮೇಡಂ ನಾನು. ನನಗೆ ನಾನೇ ಮೋಸ ಮಾಡಿಕೊಳ್ಳದಿದ್ದರೆ ಬಸ್ ಸಿಗುವುದಿಲ್ಲ. (ನಿಮ್ಮ ಮನೆ ಗಡಿಯಾರ ಸರಿಯಾಗಿದೆಯೇ? ಸುಳ್ಳು ಹೇಳಬೇಡಿ.)

ಕಳೆದ ಶನಿವಾರ ಈ ಹತ್ತು ನಿಮಿಷ ನನ್ನ ಮಾನ ಕಳೆಯಿತು.

ಅರವತ್ತೆರಡು ಮಕ್ಕಳ ಇಂಟರ್ನಲ್ ಮಾರ್ಕ್ಸ್ ಅಪ್‌ಲೋಡ್ ಮಾಡಬೇಕಿತ್ತು. ನಾಲ್ಕು ಗಂಟೆಗೆ ಯೂನಿವರ್ಸಿಟಿ ಪೋರ್ಟಲ್ ಬಂದ್. ತಪ್ಪಿದರೆ ಯಾರಿಗೂ ಹಾಲ್ ಟಿಕೆಟ್ ಇಲ್ಲ. ಮನೆಯಿಂದ ಪೋರ್ಟಲ್ ತೆರೆಯಬೇಕಾದರೆ ವಿಪಿಎನ್ ಎಂಬ ಖಾಸಗಿ ದಾರಿಯಲ್ಲೇ ಹೋಗಬೇಕು. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿರುವುದು ಎಲ್ಲರ ವಿಂಡೋಸ್ ಅಲ್ಲ, ಲಿನಕ್ಸ್. ಹಾಕಿಕೊಟ್ಟವರು ನಮ್ಮ ಕಾಲೇಜಿನ ಕಂಪ್ಯೂಟರ್ ಮೇಷ್ಟ್ರು, ಗುಬ್ಬಿಯ ಮಂಜುನಾಥ್ ಸರ್. ‘ವೈರಸ್ ಕಾಟ ಇರಲ್ಲ ಮೇಡಂ’ ಎಂದಿದ್ದರು. ನನ್ನ ಕಾಟ ಇರುತ್ತದೆಂದು ಅವರಿಗೆ ಹೊಳೆದಿರಲಿಲ್ಲ.

ಎರಡು ಗಂಟೆಗೆ ಕೂತೆ. ವಿಪಿಎನ್ ಪ್ಯಾಕೇಜ್ ಇನ್‌ಸ್ಟಾಲ್ ಆಗಲೇ ಇಲ್ಲ. ಬೇರೆ ಯಾರೋ ಲಾಕ್ ಮಾಡಿಕೊಂಡಿದ್ದಾರೆ ಎಂಬರ್ಥದ ಎರರ್. ಮನೆಯಲ್ಲಿರುವುದು ನಾನು, ನಮ್ಮ ಯಜಮಾನರು. ಇನ್ಯಾರಪ್ಪ ಲಾಕ್ ಮಾಡಿದ್ದು? ಇಂಟರ್ನೆಟ್‌ನಲ್ಲಿ ಸಿಕ್ಕ ಕಮಾಂಡನ್ನೆಲ್ಲ ಹೊಡೆದೆ. ಎರರ್ ಇನ್ನಷ್ಟು ಉದ್ದವಾಯಿತು. ಸರ್‌ಗೆ ಫೋನ್ ಮಾಡಿದೆ.

“ಹಿಂದ್ಗಡೆ ಅಪ್‌ಡೇಟ್ ಆಗ್ತಾ ಇರ್ತೈತೆ ಮೇಡಂ. ಅದರ ಪಾಡಿಗೆ ಬುಡಿ, ಮುಗುದ್ಮೇಲೆ ಹಾಕಿ.”

ಬಿಟ್ಟೆ. ಇಪ್ಪತ್ತು ನಿಮಿಷದ ಮೇಲೆ ಹಾಕಿದರೆ ಒಂದೇ ಏಟಿಗೆ ಇನ್‌ಸ್ಟಾಲ್ ಆಯಿತು. ಸುಮ್ಮನೆ ಕೂರುವುದೂ ರಿಪೇರಿಯೇ ಎಂದು ಯಾವ ವೆಬ್‌ಸೈಟೂ ಹೇಳಿರಲಿಲ್ಲ.

ಇನ್ನು ಪಾಸ್‌ವರ್ಡ್, ಜೊತೆಗೆ ಮೊಬೈಲ್ ಆ್ಯಪ್ ತೋರಿಸುವ ಆರಂಕಿ ಕೋಡ್. ಅದು ಅರ್ಧ ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಹೊಡೆದೆ, ತಪ್ಪು ಎಂದಿತು. ಮತ್ತೆ ಹೊಡೆದೆ, ಮತ್ತೆ ತಪ್ಪು. ಎಷ್ಟು ಸಲವೋ ಲೆಕ್ಕವಿಲ್ಲ. ತಲೆಯೆತ್ತಿದರೆ ಗೋಡೆ ಗಡಿಯಾರದಲ್ಲಿ ನಾಲ್ಕು. ಮತ್ತೆ ಸರ್‌ಗೆ ಫೋನ್ ಮಾಡಿದೆ.

“ಮುಗೀತು ಸರ್, ನಾಲ್ಕಾಗೋಯ್ತು. ಮಕ್ಕಳಿಗೆ ಏನಂತ ಹೇಳ್ಲಿ?”

“ಎಲ್ಲಿ ನಾಲ್ಕು? ಇಲ್ಲಿನ್ನೂ ಮೂರೂ ಐವತ್ತು.” ಹಾಗೆಂದವರೇ ಕೇಳಿದರು, “ಮೇಡಂ, ನಿಮ್ ಮೊಬೈಲಲ್ಲಿ ಟೈಮೆಷ್ಟು?”

“ಅದರಲ್ಲೂ ನಾಲ್ಕು. ನಾನೇ ಮುಂದಿಟ್ಟಿದೀನಿ... ಬಸ್ಸಿಗೆ.”

“ಸರಿಹೋಯ್ತು. ಆ ಕೋಡು ಟೈಮ್ ನೋಡ್ಕಂಡೇ ಹುಟ್ಟೋದು. ನಾಲ್ಕು ಗಂಟೆಗೆ ಕೊಡೋ ಕೋಡನ್ನ ಈಗ್ಲೇ ಕೊಟ್ರೆ ಅಲ್ಲಿನ ಕಂಪ್ಯೂಟ್ರು ಹೆಂಗೆ ಒಪ್ತದೆ?”

ಒಳಗಿನಿಂದ ಯಜಮಾನರು, “ಬಸ್ಸು, ಕಂಪ್ಯೂಟ್ರು ಎರಡೂ ನಿನಗೋಸ್ಕರ ಕಾಯಲ್ಲ ಕಣೇ” ಎಂದರು. ಜಗಳಕ್ಕೆ ಪುರುಸೊತ್ತಿರಲಿಲ್ಲ.

ಮೊಬೈಲಿನ ಟೈಮ್ ಸರಿ ಮಾಡಿ ಕೋಡ್ ಹೊಡೆದೆ. ತೆರೆಯಿತು. ಮೊದಲೇ ಟೈಪ್ ಮಾಡಿಟ್ಟಿದ್ದ ಪಟ್ಟಿ ಹಾಕಿದೆ. ಮೂರೂ ಐವತ್ತೆಂಟಕ್ಕೆ ಅರವತ್ತೆರಡೂ ಮಕ್ಕಳ ಮಾರ್ಕ್ಸ್ ಒಳಗೆ ಹೋಯಿತು. ಅತ್ತುಬಿಟ್ಟೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

‘ಹೊರಟೆ, ದಾರೀಲಿದೀನಿ’ ಎಂದು ಫೋನಿನಲ್ಲಿ ಹೇಳುವಾಗ ನಾವೆಲ್ಲ ಇನ್ನೂ ತಲೆ ಬಾಚುತ್ತಿರುತ್ತೇವೆ. ಮನುಷ್ಯರು ಅಡ್ಜಸ್ಟ್ ಮಾಡಿಕೊಳ್ಳುತ್ತಾರೆ. ಕಂಪ್ಯೂಟರ್‌ಗೆ ಆ ದಾಕ್ಷಿಣ್ಯವಿಲ್ಲ. ಬುದ್ಧಿ ಬಂತು. ಭಾನುವಾರ ಕೂತು ಮನೆಯ ಗಡಿಯಾರಗಳನ್ನೆಲ್ಲ ಸರಿ ಮಾಡಿದೆ.

ಸೋಮವಾರ, ಕರೆಕ್ಟ್ ಟೈಮಿಗೆ, ಬಸ್ ತಪ್ಪಿತು.